ಕೋಡ್ ತಗೊಳ್ತಿಲ್ಲ, ಒಟಿಪಿ ಬರ್ತಿಲ್ಲ, ಕೀ ಮಿಣುಕ್ತಿಲ್ಲ: ಗೇಮ್ ಅಕೌಂಟಿನ ಬೀಗ ಕೈಕೊಟ್ಟಾಗ ಏನೇನು ನೋಡ್ಬೇಕು

ನಮ್ಮ ಕೊಡಗಲ್ಲಿ ಜೂನ್ ಬಂದು ಮಳೆ ಹಿಡೀತು ಅಂದ್ರೆ ಗೇಮ್ ಆಡೋ ಹುಡುಗರಿಂದ ಒಂದೇ ತರದ ಮೆಸೇಜ್ ಬರಕ್ಕೆ ಶುರು, ಅಣ್ಣ ನನ್ ಅಕೌಂಟ್ ಹ್ಯಾಕ್ ಆಗಿದೆ, ಕೋಡ್ ಹಾಕಿದ್ರೂ ತಗೊಳ್ತಿಲ್ಲ ಅಂತ. ಕೂತು ನೋಡಿದ್ರೆ ಹೆಚ್ಚಿನ ಸಲ ಹ್ಯಾಕ್ ಆಗಿರೋದೇ ಇಲ್ಲ, ಫೋನಿನ ಟೈಮ್ ತಪ್ಪಿರುತ್ತೆ, ಇಲ್ಲ ಟವರ್ ಹೋಗಿರುತ್ತೆ, ಇಲ್ಲ ಲಾಗಿನ್‌ಗೆ ಚುಚ್ಚೋ ಯುಎಸ್‌ಬಿ ಕೀ ತುದಿಯಲ್ಲಿ ತೇವ ಕೂತಿರುತ್ತೆ. ನಿಜವಾದ ತೊಂದ್ರೆ ಶುರುವಾಗೋದು ಆಮೇಲೆ, ಗಾಬರಿಯಲ್ಲಿ ಟು ಫ್ಯಾಕ್ಟರನ್ನೇ, ಅಂದ್ರೆ ಪಾಸ್‌ವರ್ಡ್ ಮೇಲಿನ ಎರಡನೇ ಬೀಗವನ್ನೇ, ಆಫ್ ಮಾಡಿಬಿಡ್ತಾರೆ, ಇಲ್ಲಾಂದ್ರೆ ಟೆಲಿಗ್ರಾಮಲ್ಲಿ ರಿಕವರಿ ಮಾಡಿಕೊಡ್ತೀನಿ ಅನ್ನೋ ಯಾರೋ ಒಬ್ಬನಿಗೆ ಕೋಡ್ ಓದಿ ಹೇಳ್ತಾರೆ, ಅಕೌಂಟ್ ಹೋಗೋದು ಅಲ್ಲಿ.

ಅದಕ್ಕೆ ಇದನ್ನ ಲಕ್ಷಣದ ಪ್ರಕಾರ ಬರ್ದಿದ್ದೀನಿ. ನಿಮ್ಗೆ ಏನು ಕಾಣ್ತಿದೆಯೋ ಆ ಭಾಗಕ್ಕೆ ನೇರ ಹೋಗಿ, ಪ್ರತಿ ಭಾಗದಲ್ಲೂ ಕಾಸು ಖರ್ಚಿಲ್ಲದ ಚೆಕ್ ಮೊದಲು, ಕಷ್ಟದ್ದು ಆಮೇಲೆ.

ಕೈ ಹಾಕೋಕೆ ಮುಂಚೆ

ಮೂರು ಕೆಲಸ ಮಾಡ್ಬೇಡಿ. ಲಾಗಿನ್ ಕೋಡ್ ತೋರಿಸೋ ಆಥೆಂಟಿಕೇಟರ್ ಆ್ಯಪನ್ನ ಅನ್‌ಇನ್‌ಸ್ಟಾಲ್ ಮಾಡ್ಬೇಡಿ, ಅದ್ರ ಒಳಗಿರೋ ಗುಟ್ಟಿನ ಸಂಖ್ಯೆ ಅದರ ಜೊತೇಲೇ ಹೋಗ್ಬಹುದು. ಫೋನನ್ನ ಫ್ಯಾಕ್ಟರಿ ರೀಸೆಟ್ ಮಾಡ್ಬೇಡಿ. ತಪ್ಪು ಕೋಡನ್ನ ಹತ್ತು ಹದಿನೈದು ಸಲ ಹೊಡೀತಾ ಕೂರ್ಬೇಡಿ, ಹಾಗೆ ಮಾಡಿದ್ರೆ ಸರ್ವರೇ ಸ್ವಲ್ಪ ಹೊತ್ತು ಬಾಗಿಲು ಹಾಕ್ಕೊಳ್ಳುತ್ತೆ, ಆಮೇಲೆ ಸರಿಯಾದ ಕೋಡ್ ಹಾಕಿದ್ರೂ ತಗೊಳ್ಳಲ್ಲ, ನೀವು ದೋಷ ಎಲ್ಲಿದೆ ಅಂತ ಹುಡುಕೋ ದಾರಿನೂ ತಪ್ಪುತ್ತೆ. ಎರಡು ಮೂರು ಸಲ ಆಗಿಲ್ಲಾಂದ್ರೆ ನಿಲ್ಲಿಸಿ.

ಇನ್ನೊಂದು, ಯಾವ ಕಂಪ್ಯೂಟರಲ್ಲಿ ಅಥವಾ ಫೋನಲ್ಲಿ ಈಗಾಗ್ಲೇ ಲಾಗಿನ್ ಆಗಿದ್ದೀರೋ ಅಲ್ಲಿಂದ ಲಾಗೌಟ್ ಆಗ್ಬೇಡಿ. ಒಳಗಿಂದ ಸರಿ ಮಾಡೋದು ಸುಲಭ, ಹೊರಗಿಂದ ಬಾಗಿಲು ತಟ್ಟೋದು ಕಷ್ಟ.

ಆ್ಯಪಲ್ಲಿ ಬಂದ ಕೋಡ್ ಹಾಕಿದ್ರೆ ತಪ್ಪು ಅಂತಿದೆ

ಅರ್ಧಕ್ಕಿಂತ ಜಾಸ್ತಿ ಕೇಸು ಇದೇ ಅನ್ನಿಸುತ್ತೆ ನಂಗೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಆರು ಅಂಕಿ ಕೋಡ್ ಇಂಟರ್ನೆಟ್ಟಿಂದ ಬರೋದಲ್ಲ. ನೀವು ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ನಿಮ್ಮ ಫೋನಿಗೂ ಗೇಮ್ ಸರ್ವರಿಗೂ ಒಂದೇ ಗುಟ್ಟಿನ ಸಂಖ್ಯೆ ಸಿಕ್ಕಿರುತ್ತೆ, ಅದಕ್ಕೆ ಆಗಿನ ಟೈಮ್ ಸೇರಿಸಿ ಎರಡೂ ಕಡೆ ಬೇರೆ ಬೇರೆಯಾಗಿ ಲೆಕ್ಕ ಹಾಕ್ತವೆ, ಉತ್ತರ ಒಂದೇ ಬಂದ್ರೆ ಒಳಗೆ ಬಿಡುತ್ತೆ. 2011ರಲ್ಲಿ ಆರ್‌ಎಫ್‌ಸಿ 6238 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಇದನ್ನ ಬರೆದಿಟ್ಟಿದ್ದಾರೆ, ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್. ಅಂದ್ರೆ ನೆಟ್ ಇಲ್ದೆ ಇದ್ರೂ ಕೋಡ್ ಬರುತ್ತೆ, ಆದ್ರೆ ಟೈಮ್ ಒಂದೆರಡು ನಿಮಿಷ ಆಚೆ ಈಚೆ ಆದ್ರೂ ಕೋಡ್ ಕೆಲಸಕ್ಕೆ ಬರಲ್ಲ.

ಮೊದಲು ನೋಡ್ಬೇಕಾದ್ದು ಫೋನಿನ ಟೈಮ್. ಸೆಟ್ಟಿಂಗ್ಸಲ್ಲಿ ದಿನಾಂಕ ಸಮಯ ಅಂತ ಇರೋ ಕಡೆ ಹೋಗಿ ಆಟೋಮ್ಯಾಟಿಕ್ ಆನ್ ಇದ್ಯಾ ನೋಡಿ. ಆಫ್ ಆಗಿರಕ್ಕೆ ಒಂದು ಕಾರಣ ಮನೇಲಿರೋ ಮಕ್ಕಳು, ಯಾವ್ದೋ ಚಿಕ್ಕ ಗೇಮಲ್ಲಿ ಲೈಫ್ ಬೇಗ ತುಂಬ್ಲಿ ಅಂತ ಟೈಮನ್ನ ಮುಂದೆ ಇಟ್ಟಿರ್ತಾರೆ. ಇನ್ನೊಂದು ನಮ್ಮೂರಿನ ಕಾರಣ, ನಾಪೋಕ್ಲು ಭಾಗಮಂಡಲ ಕಡೆ ಮಳೆ ಜೋರಾಗಿ ಎರಡು ಮೂರು ದಿನ ಕರೆಂಟ್ ಇಲ್ಲ ಟವರ್ ಇಲ್ಲ, ಫೋನ್ ಪೂರ್ತಿ ಸತ್ತು ಮತ್ತೆ ಆನ್ ಆದಾಗ ಹಳೇ ಫೋನಾದ್ರೆ ಟೈಮ್ ಎಲ್ಲೋ ಹೋಗಿರುತ್ತೆ, ಸರಿ ಮಾಡ್ಕೊಳ್ಳೋಕೆ ನೆಟ್‌ವರ್ಕೂ ಸಿಕ್ಕಿರಲ್ಲ. ಅಂಥ ಹೊತ್ತಲ್ಲಿ ಒಂದ್ಸಲ ವೈಫೈಗೋ ಟವರ್ ಸಿಗೋ ಜಾಗಕ್ಕೋ ಹೋಗಿ ಆಟೋಮ್ಯಾಟಿಕ್ ಆಫ್ ಮಾಡಿ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಹೊಸ ಕೋಡ್ ಹಾಕಿ.

ಟೈಮ್ ಸರಿ ಕಾಣ್ತಿದೆ ಆದ್ರೂ ಆಗ್ತಿಲ್ಲ ಅಂದ್ರೆ ಟೈಮ್ ಝೋನ್ ನೋಡಿ. ಗಲ್ಫಿಂದ ರಜೆಗೆ ಬಂದವ್ರ ಫೋನಲ್ಲಿ ಇದು ನೋಡಬಹುದು, ಝೋನ್ ಅಲ್ಲಿಯದ್ದೇ ಉಳಿದಿರುತ್ತೆ, ಗಡಿಯಾರವನ್ನ ಮಾತ್ರ ಕೈಯಲ್ಲಿ ಇಲ್ಲಿಗೆ ತಿರುಗಿಸಿರ್ತಾರೆ. ನಮ್ಮ ಕಣ್ಣಿಗೆ ಸರಿ, ಆ್ಯಪಿನ ಲೆಕ್ಕಕ್ಕೆ ಯಾವ ದೇಶ ಅನ್ನೋದರ ಮೇಲೆ ಒಂದೂವರೆಯೋ ಎರಡೂವರೆಯೋ ಗಂಟೆ ತಪ್ಪು. ಝೋನನ್ನ ಭಾರತಕ್ಕೆ ಇಟ್ರೆ ಮುಗೀತು.

ಟೈಮೂ ಸರಿ ಝೋನೂ ಸರಿ ಅಂದ್ರೆ ಆ್ಯಪ್ ಲಿಸ್ಟಲ್ಲಿ ಒಂದೇ ಗೇಮಿನ ಹೆಸರು ಎರಡು ಸಲ ಇದ್ಯಾ ನೋಡಿ. ಒಮ್ಮೆ ಸೆಟಪ್ ಮಾಡಿ ಮತ್ತೆ ಹೊಸದಾಗಿ ಸ್ಕ್ಯಾನ್ ಮಾಡಿದ್ರೆ ಹಳೇದು ಸತ್ತಂಗೆ, ಆದ್ರೆ ಅದೂ ಕೋಡ್ ತೋರಿಸ್ತಾನೇ ಇರುತ್ತೆ. ಎರಡನ್ನೂ ಒಂದೊಂದು ಸಲ ಹಾಕಿ ನೋಡಿ, ಯಾವ್ದು ಕೆಲಸ ಮಾಡ್ತೋ ಅದಕ್ಕೆ ಹೆಸರು ಬದಲಾಯಿಸಿ ಗುರುತು ಇಟ್ಕೊಳ್ಳಿ, ಇನ್ನೊಂದನ್ನ ಅವತ್ತೇ ಅಳಿಸ್ಬೇಡಿ, ಸ್ವಲ್ಪ ದಿನ ಬಿಟ್ಟು ಅಳಿಸಿ.

ಸ್ಟೀಮ್, ಅಂದ್ರೆ ಕಂಪ್ಯೂಟರ್ ಗೇಮ್ ಕೊಂಡು ಆಡೋ ಆನ್‌ಲೈನ್ ಅಂಗಡಿ ಬಳಸೋರಿಗೆ ಬೇರೆ ಒಂದು ಮಾತು. ಅದ್ರ ಕೋಡಲ್ಲಿ ಐದು ಅಕ್ಷರ, ಅಂಕಿ ಮತ್ತೆ ಇಂಗ್ಲಿಷ್ ಅಕ್ಷರ ಸೇರಿ ಬರುತ್ತೆ. ಅದರಲ್ಲಿ ಸೊನ್ನೆ, ಒಂದು, ಓ, ಐ, ಎಸ್, ಝಡ್ ಇವು ಇರೋದೇ ಇಲ್ಲ. ಹಾಗಾಗಿ ಎಸ್ ತರ ಕಂಡಿದ್ದು ಐದು, ಝಡ್ ತರ ಕಂಡಿದ್ದು ಎರಡು. ಬಿ ಮತ್ತೆ ಎಂಟು ಮಾತ್ರ ಎರಡೂ ಇದೆ, ಅದನ್ನ ಕಣ್ಣಿಟ್ಟು ನೋಡ್ಬೇಕು, ಸ್ಕ್ರೀನ್ ಒಡೆದ ಫೋನಲ್ಲಿ ಇಲ್ಲೇ ಎಡವೋದು.

ಇಷ್ಟೆಲ್ಲಾ ಆದ್ಮೇಲೂ ತಪ್ಪು ಅಂತಿದ್ರೆ ತುರ್ತಿಗೆ ಅಂತ ಮೊದಲೇ ತೆಗೆದಿಟ್ಟ ಬ್ಯಾಕಪ್ ಕೋಡ್ ತೆಗೀರಿ. ಗೂಗಲ್ ಅಕೌಂಟಿಗೆ ಎಂಟು ಅಂಕಿಯ 10 ಕೋಡ್ ಕೊಡ್ತಾರೆ, ಒಂದು ಕೋಡ್ ಒಂದೇ ಸಲ. ಸ್ಟೀಮಿಗೆ ಇಂಗ್ಲಿಷಿನ ಆರ್ ಇಂದ ಶುರುವಾಗೋ ರಿಕವರಿ ಕೋಡ್ ಇರುತ್ತೆ. ಅದರಲ್ಲಿ ಒಳಗೆ ಹೋಗಿ, ಹಳೇ ಆಥೆಂಟಿಕೇಟರ್ ತೆಗೆದು, ಎದ್ದು ಹೋಗದೆ ಅಲ್ಲೇ ಕೂತು ಹೊಸದು ಹಾಕಿ. ನಾಳೆ ಹಾಕ್ತೀನಿ ಅಂತ ಬಿಟ್ರೆ ಆ ಒಂದು ರಾತ್ರಿ ಅಕೌಂಟಿಗೆ ಬೀಗ ಇರಲ್ಲ.

ಎಸ್‌ಎಂಎಸ್ ಒಟಿಪಿ ಬರ್ತಾನೇ ಇಲ್ಲ

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ತೋಟದ ಒಳಗಿನ ಮನೆಗಳಿಗೆ ಟವರ್ ಸಿಗೋದು ಬೇಸಿಗೆಯಲ್ಲೇ ಕಷ್ಟ, ಕಕ್ಕಡದಲ್ಲಿ (ಜುಲೈ ಆಗಸ್ಟಿನ ಜೋರು ಮಳೆಯ ತಿಂಗಳು) ಕೇಳೋದೇ ಬೇಡ. ಗೇಮಿಗೆ ಮನೆಯ ಫೈಬರ್ ವೈಫೈ ಓಡ್ತಿರುತ್ತೆ, ಪಿಂಗ್ ಚೆನ್ನಾಗಿರುತ್ತೆ, ಆದ್ರೆ ಒಟಿಪಿ ಮಾತ್ರ ಬರಲ್ಲ. ಇದಕ್ಕೆ ಮೊದಲ ಮದ್ದು ವೈಫೈ ಕಾಲಿಂಗ್. ಸಿಮ್ ಸೆಟ್ಟಿಂಗಲ್ಲಿ ಅದನ್ನ ಆನ್ ಮಾಡಿದ್ರೆ, ನಿಮ್ಮ ಫೋನು ಮತ್ತು ಕಂಪನಿ ಎರಡೂ ಸಪೋರ್ಟ್ ಮಾಡೋದಾದ್ರೆ, ಟವರ್ ಇಲ್ದಿದ್ರೂ ಫೈಬರ್ ಮೂಲಕವೇ ಕಾಲೂ ಮೆಸೇಜೂ ಹೆಚ್ಚಾಗಿ ಬಂದುಬಿಡುತ್ತೆ.

ಆಮೇಲೆ ಮೆಸೇಜ್ ಆ್ಯಪಿನ ಸ್ಪ್ಯಾಮ್ ಫೋಲ್ಡರ್ ನೋಡಿ. ಎರಡು ಸಿಮ್ ಇದ್ರೆ ಯಾವ ನಂಬರ್ ಕೊಟ್ಟಿದ್ರಿ ಅಂತ ನೆನಪು ಮಾಡ್ಕೊಳ್ಳಿ, ಸ್ಕ್ರೀನಲ್ಲಿ ಕೊನೆಯ ಎರಡು ಅಂಕಿ ತೋರಿಸುತ್ತೆ. ಅಪ್ಪನ ನಂಬರ್ ಕೊಟ್ಟು ಮರೆತಿರೋರು ಬೇಕಾದಷ್ಟು ಜನ. ಸಿಮ್ ಕಳೆದು ಹೊಸ ಸಿಮ್ ಹಾಕಿಸಿದ್ರೆ ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲಿಸಿರ್ತಾರೆ, ಇದು ಕಳ್ಳರಿಗೆ ಒಟಿಪಿ ಸಿಗದೆ ಇರ್ಲಿ ಅಂತ ಸರ್ಕಾರವೇ ಮಾಡಿರೋ ನಿಯಮ, ಹಾಗಾಗಿ ಒಂದು ದಿನ ಕಾಯಿರಿ, ಅದರಲ್ಲಿ ದೋಷ ಏನೂ ಇಲ್ಲ.

ಈಗ ನಮ್ಮೂರಲ್ಲಿ ತುಂಬಾ ಎಚ್ಚರ ಇರ್ಬೇಕಾದ ವಿಷ್ಯ. ಬೇರೆ ಊರಲ್ಲಿ ಫೋನಿನ ನೆಟ್‌ವರ್ಕ್ ಸಡನ್ನಾಗಿ ಹೋದ್ರೆ ಜನ ಹೌಹಾರ್ತಾರೆ, ಯಾರೋ ನಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತಗೊಂಡ್ರಾ ಅಂತ. ಇಲ್ಲಿ ನಾವು ಮಳೆ ಅಂತ ಸುಮ್ನಾಗ್ತೀವಿ. ಎರಡನ್ನೂ ಬೇರೆ ಮಾಡಿ ನೋಡೋದು ಹೀಗೆ: ಅದೇ ಕಂಪನಿ ಸಿಮ್ ಇರೋ ಮನೆಯವ್ರದ್ದೋ ಪಕ್ಕದ ಮನೆಯವ್ರದ್ದೋ ಫೋನ್ ಒಂದೇ ಜಾಗದಲ್ಲಿ ಇಟ್ಟು ನೋಡಿ. ಅವ್ರದ್ದೂ ಹೋಗಿದ್ರೆ ಮಳೆ, ಟವರ್, ಡೀಸೆಲ್ ಮುಗಿದ ಜನರೇಟರ್, ಇಂಥದ್ದೇ. ಅವ್ರಿಗೆ ಕಡ್ಡಿ ತುಂಬ ಇದ್ದು ನಿಮ್ಮದ್ರಲ್ಲಿ ಮಾತ್ರ ಏನೂ ಇಲ್ಲ, ಫೋನ್ ರೀಸ್ಟಾರ್ಟ್ ಮಾಡಿದ್ರೂ ಸಿಮ್ ತೆಗೆದು ಹಾಕಿದ್ರೂ ಬರ್ತಿಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಬೇರೆ ಫೋನಿಂದ ಕಂಪನಿಯ ಕಸ್ಟಮರ್ ಕೇರಿಗೆ ಮಾಡಿ ನನ್ನ ನಂಬರಿಗೆ ಹೊಸ ಸಿಮ್ ಅಥವಾ ಇಸಿಮ್ ಆಗಿದ್ಯಾ ಅಂತ ನೇರ ಕೇಳಿ. ಆಗಿದೆ ಅಂದ್ರೆ ಗೇಮ್ ವಿಷ್ಯ ಆಮೇಲೆ ನೋಡೋಣ, ಮೊದಲು ಬ್ಯಾಂಕಿಗೆ ಫೋನ್ ಮಾಡಿ.

ನನ್ನ ಕೇಳಿದ್ರೆ ತೋಟದ ಮನೆಯವರು ಎಸ್‌ಎಂಎಸ್ ಒಟಿಪಿಯನ್ನ ನಂಬ್ಕೊಂಡು ಇರೋದೇ ಬೇಡ, ಆ್ಯಪ್ ಕೋಡಿಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಟವರೇ ಬೇಕಾಗಿಲ್ಲ.

ಕೀಚೈನ್ ಟೋಕನ್ ಕೈಕೊಟ್ಟಿದೆ

ಬಟನ್ ಒತ್ತಿದ್ರೆ ಅಂಕಿ ಬರೋ ಸಣ್ಣ ಡಬ್ಬಿ. ಬ್ಲಿಝಾರ್ಡ್ 2008ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡೋರಿಗೆ ಇಂಥದ್ದು ಮಾರಕ್ಕೆ ಶುರು ಮಾಡ್ತು, ಸ್ಕ್ವೇರ್ ಎನಿಕ್ಸ್ ಕೂಡ ಫೈನಲ್ ಫ್ಯಾಂಟಸಿ ಆಡೋರಿಗೆ ಕೊಡ್ತಿತ್ತು. ಈಗ ನಮ್ಮ ಕಡೆ ಅಪರೂಪ, ಬೆಂಗಳೂರಲ್ಲೋ ಹೊರದೇಶದಲ್ಲೋ ಇರೋ ಅಣ್ಣಂದಿರ ಹಳೇ ಅಕೌಂಟ್ ಜೊತೆ ಬಂದಿರುತ್ತೆ.

ಅಂಕಿ ಮಸುಕಾಗಿದ್ರೆ ಒಳಗಿನ ಸೆಲ್ ಮುಗೀತಾ ಬಂತು. ಇದನ್ನ ಬಿಚ್ಚಕ್ಕೆ ಹೋಗ್ಬೇಡಿ, ಸೀಲ್ ಮಾಡಿರ್ತಾರೆ, ಬಿಚ್ಚಿದ್ರೆ ಒಳಗಿನ ಗುಟ್ಟು ಅಳಿಸಿಹೋಗ್ಬಹುದು. ಕೋಡ್ ಕಾಣ್ತಿರುವಾಗ್ಲೇ ಲಾಗಿನ್ ಆಗಿ ಆ್ಯಪಿಗೆ ಬದಲಾಯಿಸ್ಕೊಳ್ಳಿ. ಅಂಕಿಯ ಒಂದು ಗೆರೆ ಹೊತ್ತಿಲ್ಲ ಅಂದ್ರೂ ಎಂಟು ಹೋಗಿ ಆರೋ ಒಂಬತ್ತೋ ಸೊನ್ನೆಯೋ ಕಾಣುತ್ತೆ, ಕೆಲವು ಸಲ ಮಾತ್ರ ಕೋಡ್ ತಪ್ಪು ಅಂತಿದ್ರೆ ಇದೇ ಅನುಮಾನ ಪಡಿ.

ಅಂಕಿ ಸ್ಪಷ್ಟ ಇದ್ದೂ ತಗೊಳ್ತಿಲ್ಲ ಅಂದ್ರೆ ಟೋಕನ್ನೂ ಸರ್ವರೂ ಹೊಂದಿಕೆ ತಪ್ಪಿವೆ. ಕೆಲವು ಟೋಕನ್ನಿಗೆ ಒಳಗೆ ಗಡಿಯಾರ ಇರುತ್ತೆ, ವರ್ಷಗಟ್ಟಲೆ ಆದಾಗ ಅದು ಹಿಂದೆ ಮುಂದೆ ಆಗುತ್ತೆ. ಕೆಲವು ಎಷ್ಟನೇ ಸಲ ಒತ್ತಿದ್ದು ಅಂತ ಎಣಿಸ್ತವೆ, ಮನೇಲಿ ಪಾಪು ಆಟ ಆಡ್ತಾ ಸುಮ್ನೆ ಒತ್ತಿದ್ರೆ ಎಣಿಕೆ ಎಲ್ಲೋ ಮುಂದೆ ಹೋಗಿರುತ್ತೆ. ಎರಡಕ್ಕೂ ಪರಿಹಾರ ರೀಸಿಂಕ್, ಒಂದರ ಹಿಂದೆ ಒಂದು ಬಂದ ಎರಡು ಕೋಡ್ ಕೊಟ್ರೆ ಸರ್ವರ್ ಹೊಂದಿಸಿಕೊಳ್ಳುತ್ತೆ, ಆದ್ರೆ ಇದು ಕಂಪನಿಯ ಸೈಟಿನ ಒಳಗೇ ಆಗ್ಬೇಕು, ಬೇರೆ ಯಾರಾದ್ರೂ ಎರಡು ಕೋಡ್ ಬೇಕು ಅಂದ್ರೆ ಕಳ್ಳ. ಟೋಕನ್ ಹಿಂದಿರೋ ಸೀರಿಯಲ್ ನಂಬರನ್ನ ಈಗ್ಲೇ ಬರೆದಿಟ್ಕೊಳ್ಳಿ, ಸಪೋರ್ಟ್ ಅವ್ರು ಕೇಳೋ ಸಾಧ್ಯತೆ ಜಾಸ್ತಿ, ಮಳೆಗಾಲದಲ್ಲಿ ಜೇಬಲ್ಲಿದ್ದು ಆ ಪ್ರಿಂಟ್ ಉಜ್ಜಿ ಹೋಗುತ್ತೆ.

ಯುಎಸ್‌ಬಿ ಸೆಕ್ಯೂರಿಟಿ ಕೀ ಚುಚ್ಚಿದ್ರೂ ಏನೂ ಆಗ್ತಿಲ್ಲ

ಯೂಬಿಕೀ, ಗೂಗಲಿನ ಟೈಟನ್, ಈ ತರದ್ದು, ಕೋಡ್ ಬದಲಿಗೆ ಚುಚ್ಚಿ ಇಲ್ಲ ತಾಗಿಸಿ ಲಾಗಿನ್ ಆಗೋ ಸಣ್ಣ ಕೀ. ಫೋನಲ್ಲಿ ಬಿಜಿಎಂಐ ಗೇಮ್ ಆಡೋರಿಗೆ ಇದ್ಯಾಕೆ ಅಂತ ಕೇಳ್ಬಹುದು. ಆ ಗೇಮಿಗೆ ನೀವು ಗೂಗಲ್ ಮೂಲಕ ಲಾಗಿನ್ ಆಗಿದ್ರೆ ನಿಮ್ಮ ಗೂಗಲ್ ಅಕೌಂಟೇ ಗೇಮ್ ಅಕೌಂಟ್. ಜಿಮೇಲನ್ನ ಹಾಗೇ ಬಿಟ್ಟು ಗೇಮ್ ಮಾತ್ರ ಕಾಪಾಡ್ತೀನಿ ಅನ್ನೋದು ತೋಟದ ಗೇಟಿಗೆ ದೊಡ್ಡ ಬೀಗ ಹಾಕಿ ಹಿಂದಿನ ಬೇಲಿ ಕಿತ್ತಿಟ್ಟಂಗೆ. ಕೀ ಹಾಕ್ಬೇಕಾದ್ದು ಇಮೇಲಿಗೆ, ಸ್ಟೀಮ್ ಬಳಸೋರೂ ಅಷ್ಟೇ.

ಲೈಟ್ ಮಿಣುಕ್ತಾ ನೋಡಿ. ಈ ಕೀಗೆ ಸಾಮಾನ್ಯವಾಗಿ ಒಳಗೆ ಬ್ಯಾಟರಿ ಇರಲ್ಲ, ಪೋರ್ಟಿಂದಲೇ ಕರೆಂಟ್. ಮಿಣುಕದೆ ಇದ್ರೆ ಬೇರೆ ಪೋರ್ಟಿಗೆ ಹಾಕಿ, ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಹಾಕಿ. ಫೋನಿಗೆ ಹಾಕ್ತಿದ್ರೆ ಓಟಿಜಿ (ಫೋನಿಗೆ ಯುಎಸ್‌ಬಿ ಸಾಮಾನು ಚುಚ್ಚೋಕೆ ಬಿಡೋ ಸೆಟ್ಟಿಂಗ್) ನೋಡಿ, ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ಸಿನ ಎಷ್ಟೋ ಫೋನಲ್ಲಿ ಅದನ್ನ ಕೈಯಲ್ಲೇ ಆನ್ ಮಾಡ್ಬೇಕು, ಸ್ವಲ್ಪ ಹೊತ್ತು ಬಳಸದಿದ್ರೆ ತಾನಾಗೇ ಆಫ್ ಆಗುತ್ತೆ, ಕೀ ಕೆಟ್ಟಿದೆ ಅಂತ ಹೇಳ್ಕೊಂಡು ಬರೋದು ಇದಕ್ಕೇ. ಹಿಂದೆ ತಾಗಿಸಿದ್ರೆ ಆಗ್ತಿಲ್ಲ ಅನ್ನೋರು ಮೊದಲು ಫೋನಲ್ಲಿ ತಾಗಿಸಿದ್ರೆ ಓದೋ ಎನ್‌ಎಫ್‌ಸಿ ಇದ್ಯಾ ಅಂತ ನೋಡ್ಕೊಳ್ಳಿ, ಕಡಿಮೆ ಬೆಲೆಯ ಎಷ್ಟೋ ಫೋನಲ್ಲಿ ಅದು ಇರೋದೇ ಇಲ್ಲ. ಇದ್ರೆ ದಪ್ಪ ಕವರ್ ತೆಗೆದು ತಾಗಿಸಿ.

ಆಗಾಗ ಮಾತ್ರ ಕೆಲಸ ಮಾಡುತ್ತೆ ಅಂದ್ರೆ ತೇವ. ಜುಲೈ ಆಗಸ್ಟಲ್ಲಿ ಬೀರು ಒಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಮೆಟಲ್ ತುದಿ ಬಿಡುತ್ತಾ. ಕೀಯನ್ನ ಪೋರ್ಟಿಂದ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಹಸಿರೋ ಕಪ್ಪೋ ಕಲೆ ಇದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಸ್ವಲ್ಪ ಹಾಕಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಬ್ಲೇಡು ಮರಳು ಕಾಗದ ಎಲ್ಲ ಬೇಡ, ಮೇಲಿನ ಲೇಪ ಹೋದ್ರೆ ಮುಂದಿನ ಮಳೆಗೆ ಇನ್ನೂ ಬೇಗ ತುಕ್ಕು. ಇಡೋದು ಮುಚ್ಚಳ ಬಿಗಿ ಇರೋ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ.

ಯೂಬಿಕೀ ಮುಟ್ಟಿದ ಕೂಡ್ಲೇ ಚಾಟ್ ಬಾಕ್ಸಲ್ಲಿ ಸಿ ಸಿ ಸಿ ಸಿ ಅಂತ ಶುರುವಾಗೋ ಉದ್ದದ ಅಕ್ಷರ ಬಂದ್ರೆ ಹೆದರ್ಬೇಡಿ, ಅದು ಆ ಕೀಯ ಒಟಿಪಿ, ಕೈ ತಾಗಿ ಟೈಪ್ ಆಗಿದೆ, ವೈರಸ್ ಅಲ್ಲ.

ಪಿನ್ ಕೇಳ್ತಿದೆ ನೆನಪಿಲ್ಲ ಅಂದ್ರೆ ಊಹೆ ಮಾಡ್ಬೇಡಿ. ಯೂಬಿಕೀಯಲ್ಲಿ ಸತತ 8 ಸಲ ತಪ್ಪಿದ್ರೆ ಫಿಡೋ ಭಾಗ (ಸೈಟಿಗೆ ಲಾಗಿನ್ ಮಾಡ್ಸೋ ಭಾಗ) ಲಾಕ್, ಆಮೇಲೆ ರೀಸೆಟ್ ಒಂದೇ ದಾರಿ, ರೀಸೆಟ್ ಮಾಡಿದ್ರೆ ಆ ಕೀಯಲ್ಲಿ ಸೇರಿಸಿದ ಅಕೌಂಟುಗಳಿಗೆ ಅದು ಇನ್ನು ಕೀಯಲ್ಲ. ಮೂರ್ನೇ ತಪ್ಪಿಗೇ ನಿಲ್ಲಿಸಿ, ಇನ್ನೊಂದು ಕೀಯೋ ಬ್ಯಾಕಪ್ ಕೋಡೋ ಹುಡುಕಿ.

ಇದರಲ್ಲಿ ತುಂಬಾ ಮುಖ್ಯ ಅಂತ ನನಗನ್ನಿಸೋ ಲಕ್ಷಣ ಒಂದಿದೆ. ಕೀ ಎಲ್ಲಾ ಕಡೆ ಸರಿಯಾಗಿ ಕೆಲಸ ಮಾಡುತ್ತೆ, ಯಾರೋ ಕಳ್ಸಿದ ಲಿಂಕಲ್ಲಿ ತೆರೆದ ಒಂದು ಪೇಜಲ್ಲಿ ಮಾತ್ರ ಮಾಡಲ್ಲ. ಆಗ ಕೀ ಕೆಟ್ಟಿಲ್ಲ, ಪೇಜೇ ನಕಲಿ ಇರ್ಬಹುದು. ಫಿಡೋ ಕೀ ಬ್ರೌಸರ್ ಜೊತೆ ಸೇರಿ ಸೈಟಿನ ಹೆಸರನ್ನ ಪರೀಕ್ಷೆ ಮಾಡುತ್ತೆ, ಒಂದಕ್ಷರ ಆಚೆ ಈಚೆ ಆದ್ರೂ ಉತ್ತರ ಕೊಡಲ್ಲ. ನಮ್ಮ ಕಣ್ಣು ಮೋಸ ಹೋಗೋ ಕಡೆ ಅದು ಹೋಗಲ್ಲ. ಆ ಪೇಜಲ್ಲಿ ಕೀ ಆಗ್ತಿಲ್ವಾ, ಬದಲಿಗೆ ಕೋಡ್ ಹಾಕಿ ಅಂತ ಕೇಳಿದ್ರೆ ಹಾಕ್ಬೇಡಿ, ಮುಚ್ಚಿ.

ಆಥೆಂಟಿಕೇಟರ್ ಇದ್ದ ಫೋನೇ ನೀರಿಗೆ ಬಿತ್ತು, ಇಲ್ಲ ಕಳೆದುಹೋಯ್ತು

ಒದ್ದೆ ಫೋನನ್ನ ಚಾರ್ಜಿಗೆ ಹಾಕ್ಬೇಡಿ. ಅಗ್ಗಿಷ್ಟಿಕೆ ಹತ್ರ, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋ ಅಭ್ಯಾಸ ನಮ್ಮಲ್ಲಿ ಇದೆ, ಲಿಥಿಯಂ ಬ್ಯಾಟರಿ ಬಿಸಿಗೆ ಊದಿ ಬೆಂಕಿ ಹತ್ಬಹುದು, ದಯವಿಟ್ಟು ಬೇಡ. ಅಕ್ಕಿ ಡಬ್ಬಿನೂ ಬೇಡ, ಪುಡಿ ಪೋರ್ಟ್ ಒಳಗೆ ಹೋಗಿ ಕೂರುತ್ತೆ. ಆಫ್ ಮಾಡಿ, ಒರೆಸಿ, ಫ್ಯಾನ್ ಗಾಳಿಯಲ್ಲಿಡಿ. ಬೆನ್ನು ಉಬ್ಬಿದ್ರೆ ಒತ್ತದೆ, ಬಿಚ್ಚದೆ ರಿಪೇರಿ ಅಂಗಡಿಗೆ ಕೊಡಿ, ಡೇಟಾ ಅಳಿಸ್ಬೇಡಿ ಅಂತ ಮೊದಲೇ ಹೇಳಿ.

ಗೂಗಲ್ ಆಥೆಂಟಿಕೇಟರಿಗೆ 2023ರ ಏಪ್ರಿಲಲ್ಲಿ ಅಕೌಂಟ್ ಸಿಂಕ್ ಬಂತು, ಅದು ಆನ್ ಇದ್ದಿದ್ರೆ ಹೊಸ ಫೋನಲ್ಲಿ ಅದೇ ಗೂಗಲ್ ಅಕೌಂಟ್ ಹಾಕಿದ ಕೂಡ್ಲೇ ಕೋಡೆಲ್ಲ ಬರುತ್ತೆ. ಇಲ್ಲಾಂದ್ರೆ ಬ್ಯಾಕಪ್ ಕೋಡ್, ಅದೂ ಇಲ್ಲಾಂದ್ರೆ ಗೇಮ್ ಕಂಪನಿಯ ಸಪೋರ್ಟ್. ಅವ್ರು ದುಡ್ಡು ಕೊಟ್ಟ ರಸೀದಿ, ಅಕೌಂಟ್ ಮಾಡಿದಾಗಿನ ಮೇಲ್ ಐಡಿ ಇಂಥದ್ದು ಕೇಳ್ತಾರೆ, ಹಾಗಾಗಿ ಯುಸಿ, ಡೈಮಂಡ್ ತರದ ಗೇಮಿನ ಒಳಗಿನ ದುಡ್ಡು, ಗೇಮ್ ಕೊಂಡ ಇಮೇಲುಗಳನ್ನ ಅಳಿಸ್ಬೇಡಿ. ಕಳೆದ ಫೋನಾದ್ರೆ ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ಐಎಂಇಐ (ಫೋನಿನ ಗುರುತಿನ ನಂಬರ್) ಬ್ಲಾಕ್ ಮಾಡ್ಸಿ, ಸಿಮ್ಮೂ ಬ್ಲಾಕ್ ಮಾಡ್ಸಿ.

ಬ್ಯಾಕಪ್ ಕೋಡ್ ಕಾಗದದಲ್ಲಿ ಬರೆದು ಎರಡು ಮನೆಯಲ್ಲಿ ಇಡಿ, ಒಂದು ನಿಮ್ಮಲ್ಲಿ, ಒಂದು ಕುಶಾಲನಗರದಲ್ಲೋ ಮೈಸೂರಲ್ಲೋ ಇರೋ ನಂಬಿಕೆಯ ಅತ್ತೆ ಮಾವನ ಹತ್ರ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದ್ರು, ಜೀವದ ಮುಂದೆ ಗೇಮ್ ಏನೂ ಅಲ್ಲ, ಆದ್ರೆ ಅದೇ ಜಿಮೇಲಲ್ಲಿ ಆಸ್ತಿ ಕಾಗದ, ಮಕ್ಕಳ ಮಾರ್ಕ್ಸ್ ಕಾರ್ಡಿನ ಫೋಟೋ ಎಲ್ಲ ಇರುತ್ತೆ.

ಬೀಗ ಸರಿ ಇದೆ, ಆದ್ರೂ ಒಳಗಿನ ಸಾಮಾನು ಹೋಗ್ತಿದೆ

ಇದು ನಿಜವಾದ ಕಳ್ಳತನದ ಲಕ್ಷಣ. ಕೋಡ್ ಕೇಳ್ಲೇ ಇಲ್ಲ, ಮೆಸೇಜ್ ಬರ್ಲಿಲ್ಲ, ಸ್ಕಿನ್ (ಗೇಮಿನ ಒಳಗಿನ ಬಟ್ಟೆ ಬಂದೂಕಿನ ಅಲಂಕಾರ) ಹೋಯ್ತು. ಸಾಮಾನ್ಯ ಕಾರಣ ಕದ್ದ ಸೆಷನ್. ಒಮ್ಮೆ ಲಾಗಿನ್ ಆದ್ಮೇಲೆ ಕಂಪ್ಯೂಟರಲ್ಲಿ ಒಂದು ಗುರುತು ಉಳಿಯುತ್ತೆ, ಕ್ರ್ಯಾಕ್ ಮಾಡಿದ ಗೇಮು, ತಾನೇ ಗುರಿ ಹಿಡಿಯೋ ಏಮ್‌ಬಾಟು, ತಿದ್ದಿದ ಮಾಡ್ ಎಪಿಕೆ ಜೊತೆ ಬರೋ ಮಾಲ್‌ವೇರ್ ಆ ಗುರುತನ್ನೇ ಎತ್ಕೊಂಡು ಹೋಗುತ್ತೆ, ಆಗ ಕೋಡೂ ಬೇಡ ಪಾಸ್‌ವರ್ಡೂ ಬೇಡ. ಆ ಕಂಪ್ಯೂಟರಲ್ಲಿ ಪಾಸ್‌ವರ್ಡ್ ಬದಲಾಯಿಸಿದ್ರೆ ಹೊಸದೂ ಕಳ್ಳನಿಗೇ ಹೋಗುತ್ತೆ, ಅದಕ್ಕೆ ಬೇರೆ ಸ್ವಚ್ಛವಾದ ಫೋನಿಂದ ಮೊದಲು ಇಮೇಲಿನ ಪಾಸ್‌ವರ್ಡ್, ಆಮೇಲೆ ಗೇಮಿಂದು, ಆಮೇಲೆ ಎಲ್ಲಾ ಡಿವೈಸಿಂದ ಲಾಗೌಟ್, ಈ ಕ್ರಮದಲ್ಲಿ ಮಾಡಿ.

ಸ್ಟೀಮಲ್ಲಿ ನೀವು ಕಳ್ಸಿದ ಟ್ರೇಡ್ (ಸ್ಕಿನ್ ಅದಲು ಬದಲು) ತಾನಾಗೇ ಕ್ಯಾನ್ಸಲ್ ಆಗಿ, ಅದೇ ಹೆಸರು ಅದೇ ಫೋಟೋದವನಿಂದ ಇನ್ನೊಂದು ಟ್ರೇಡ್ ಬಂದ್ರೆ ಕನ್ಫರ್ಮ್ ಒತ್ಬೇಡಿ. ನಿಮ್ಮ ಅಕೌಂಟಲ್ಲಿ ಯಾರೋ ವೆಬ್ ಎಪಿಐ ಕೀ (ಹೊರಗಿನ ಪ್ರೋಗ್ರಾಮಿಂದ ಟ್ರೇಡ್ ನೋಡೋಕೆ, ರದ್ದು ಮಾಡೋಕೆ ಬಿಡೋ ಗುಟ್ಟಿನ ಕೋಡ್) ಮಾಡಿಟ್ಟಿರ್ಬಹುದು, ಸ್ಟೀಮ್ ಸೈಟಿನ ಎಪಿಐ ಕೀ ಪೇಜಲ್ಲಿ ನೋಡಿ ಅದನ್ನ ರದ್ದು ಮಾಡಿ. 2015ರಲ್ಲೇ ಸ್ಟೀಮ್ ನಡೆಸೋ ವಾಲ್ವ್ ಕಂಪನಿ ತಿಂಗಳಿಗೆ ಸುಮಾರು 77,000 ಸ್ಟೀಮ್ ಅಕೌಂಟ್ ಕದಿಯಲಾಗ್ತಿದೆ ಅಂತ ಹೇಳಿತ್ತು, ಸ್ಕಿನ್ನಿಗೆ ದುಡ್ಡಿನ ಬೆಲೆ ಇರೋವರೆಗೂ ಇದು ನಿಲ್ಲಲ್ಲ.

ಇನ್ನೊಂದು ಲಕ್ಷಣ, ಸರಿಯಾದ ಕೋಡ್ ಹಾಕಿದ್ರೂ ತಪ್ಪು ಅಂತ ಹೇಳಿ ತಕ್ಷಣ ಇನ್ನೊಂದು ಕೋಡ್ ಕೇಳುತ್ತೆ. ಟೈಮ್ ಎಲ್ಲ ಸರಿ ಇದ್ದೂ ಹೀಗಾದ್ರೆ ಅಡ್ರೆಸ್ ಬಾರ್ ನೋಡಿ, ನಕಲಿ ಪೇಜಿಗೆ ಮೊದಲ ಕೋಡ್ ಒಳಗೆ ಹೋಗೋಕೆ, ಎರಡನೇದು ನಿಮ್ಮ ಆಥೆಂಟಿಕೇಟರನ್ನೇ ಕಿತ್ತು ಹಾಕೋಕೆ.

ಎಲ್ಲಿ ನಿಲ್ಲಿಸಿ ಯಾರನ್ನ ಕೇಳ್ಬೇಕು

ಮೇಲ್ ಐಡಿಯೇ ಬದಲಾಗಿದ್ರೆ, ದುಡ್ಡು ಹೋಗಿದ್ರೆ, ಸಿಮ್ ಬೇರೆಯವ್ರ ಹೆಸರಿಗೆ ಹೋಗಿದ್ರೆ, ಅಕೌಂಟ್ ವಾಪಸ್ ಬೇಕಾದ್ರೆ ಇಷ್ಟು ಕೊಡು ಅಂತ ಯಾರಾದ್ರೂ ಬೆದರಿಸಿದ್ರೆ ನಿಮ್ಮ ರಿಪೇರಿ ಅಲ್ಲಿಗೆ ಮುಗೀತು. ಗೂಗಲಲ್ಲಿ ರಿಕವರಿ ನಂಬರ್ ಕಳ್ಳ ಬದಲಾಯಿಸಿದ್ರೂ ಹಳೇ ನಂಬರಿಗೆ 7 ದಿನದವರೆಗೆ ಕೋಡ್ ಕಳ್ಸೋ ಅವಕಾಶ ಇರ್ಬಹುದು, ಹಾಗಾಗಿ ಅವತ್ತೇ ಶುರು ಮಾಡಿ. ದುಡ್ಡು ಹೋಗಿದ್ರೆ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದ್ರೆ ಅಷ್ಟು ದುಡ್ಡು ತಡೆಯೋಕೆ ಆಗುತ್ತೆ, ಜೊತೆಗೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲಲ್ಲಿ ದೂರು ಹಾಕಿ, ಇಲ್ಲ ಮಡಿಕೇರಿಯ ಸಿಇಎನ್ (ಸೈಬರ್ ಅಪರಾಧ ನೋಡೋ) ಠಾಣೆಗೆ ಹೋಗಿ. ಗೇಮ್ ಅಕೌಂಟ್ ಅಂದ್ರೆ ನಗ್ತಾರೇನೋ ಅಂತ ಸಂಕೋಚ ಬೇಡ, ಬೇರೆಯವ್ರ ಪಾಸ್‌ವರ್ಡ್ ಬಳಸಿ ಮೋಸ ಮಾಡಿದ್ರೆ ಐಟಿ ಕಾಯ್ದೆ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ.

ಶಾಲೆ ಕಾಲೇಜಿನ ಹುಡುಗರು ಮನೇಲಿ ಬೈತಾರೆ ಅಂತ ಮುಚ್ಚಿಟ್ಕೊಂಡು ದಿನ ಕಳೀಬೇಡಿ, ಅಪ್ಪನ ಯುಪಿಐ ಅದೇ ಫೋನಲ್ಲಿ ಇದ್ರೆ ಅವ್ರಿಗೆ ಮೊದಲು ಗೊತ್ತಾಗ್ಬೇಕು. ಠಾಣೆಗೆ ಹೋಗೋಕೆ ಮುಂಚೆ ಫೋನಾಗ್ಲಿ ಕಂಪ್ಯೂಟರಾಗ್ಲಿ ಫಾರ್ಮ್ಯಾಟ್ ಮಾಡ್ಬೇಡಿ, ಬಂದ ಇಮೇಲು, ಚಾಟು, ಲಿಂಕು, ಟ್ರಾನ್ಸಾಕ್ಷನ್ ನಂಬರ್ ಇವುಗಳ ಸ್ಕ್ರೀನ್‌ಶಾಟ್ ತೆಗೆದು ತಾರೀಕು ಟೈಮ್ ಜೊತೆ ಪ್ರಿಂಟ್ ಹಾಕಿಸ್ಕೊಂಡು, ಐಡಿ ಕಾರ್ಡ್ ಹಿಡ್ಕೊಂಡು ಹೋಗಿ, ಫಾರ್ಮ್ಯಾಟನ್ನ ಅವ್ರು ಸರಿ ಅಂದ್ಮೇಲೆ ಮಾಡಿ.